ಶಾಲಾ ಮಕ್ಕಳಿಗೆ ಬೆರಳಚ್ಚು ಸ್ಪರ್ಧೆ: ಏಕೆ ನಡೆಸಬೇಕು, ಹೇಗೆ ನಡೆಸಬೇಕು



ತೋಟ, ಗೊಬ್ಬರ, ಕೊಳೆರೋಗ, ಧಾರಣೆ ಇವುಗಳ ಮಾತು ನಮ್ಮ ಪತ್ರಿಕೆಯಲ್ಲಿ ತಿಂಗಳು ತಿಂಗಳೂ ಇದ್ದದ್ದೇ. ಈ ಬಾರಿ ಬೈಲಕುಪ್ಪೆ ಸುತ್ತಿನ ಪ್ರಾಥಮಿಕ ಶಾಲೆಗಳ ಮಕ್ಕಳ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ಕಂಪ್ಯೂಟರಿಗೂ ನಮ್ಮ ಕಾಫಿ ಗಿಡಕ್ಕೂ ಎಲ್ಲಿಯ ಸಂಬಂಧ ಎಂದು ಕೇಳುವವರಿಗೆ ಮೊದಲು ನನ್ನ ಮನೆಯ ಕಥೆಯನ್ನೇ ಹೇಳಿಬಿಡುತ್ತೇನೆ.

ನಮ್ಮ ತಂದೆಯವರ ಹೆಸರಿನ ಕೊನೆಯಲ್ಲಿ 'ಪ್ಪ' ಎಂದಿದೆ. ಪಹಣಿಯಲ್ಲಿ ಅದು 'ಪ' ಆಗಿ ಕುಳಿತಿತ್ತು. ಯಾರೋ ಅವಸರದಲ್ಲಿ ಒಂದು ಒತ್ತು ಬಿಟ್ಟಿದ್ದರು. ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಸರಿಯಾಗಿತ್ತು, ಆಧಾರ್ ಚೀಟಿಯಲ್ಲಿ ಮೂರನೆಯ ಬಗೆ. ಸಾಲದ ಅರ್ಜಿ ಹಾಕಿದ ದಿನ "ಇವರು ಮೂವರೂ ಒಬ್ಬರೇ ಎನ್ನುವುದಕ್ಕೆ ಏನು ಸಾಕ್ಷಿ?" ಎಂದು ಕೇಳಿದರು. ಅಫಿಡವಿಟ್ಟು, ಅರ್ಜಿ, ಓಡಾಟ ಎಂದು ಹಣ್ಣು ಕೊಯ್ಯುವ ದಿನಗಳಲ್ಲೇ ಆರು ದಿನ ಕಳೆದುಹೋದವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ ಹಿರಿಯರು. ಒಂದು ಒತ್ತಿಗೆ ಹೋದ ದಿನಗಳೂ ಹಾಗೆಯೇ.

ತಪ್ಪು ಯಾರದೆಂದು ಹುಡುಕುವುದಕ್ಕೆ ಇದನ್ನು ಹೇಳಲಿಲ್ಲ. 'ಭೂಮಿ' ಯೋಜನೆಯಲ್ಲಿ ನಮ್ಮ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. 2000-01ರ ವೇಳೆಗೆ ತಾಲ್ಲೂಕು ಕಚೇರಿಗಳಲ್ಲಿ ಮುದ್ರಿತ ಪಹಣಿ ಸಿಗತೊಡಗಿತು. ಬೆಟ್ಟದಷ್ಟು ಕೆಲಸ; ಅಷ್ಟು ಅಕ್ಷರಗಳಲ್ಲಿ ಕೆಲವು ತಪ್ಪುವುದು ಸಹಜ. ನನ್ನನ್ನು ಚುಚ್ಚಿದ್ದು ಬೇರೆ ಮಾತು. ಮನೆಯಲ್ಲಿ ಏಳನೆಯ ತರಗತಿ ಓದುವ ಮಗಳಿದ್ದಳು. ಆ ಪಹಣಿ ಎರಡು ವರ್ಷ ನಮ್ಮ ಪೆಟ್ಟಿಗೆಯಲ್ಲೇ ಇತ್ತು. ಅಕ್ಷರ ಅಕ್ಷರ ಹೊಂದಿಸಿ ನೋಡು ಎಂದು ನಾವು ಆಕೆಗೆ ಹೇಳಲಿಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೂ ಕನ್ನಡದಲ್ಲಿ ಅಜ್ಜನ ಹೆಸರು ಬೆರಳಚ್ಚು ಮಾಡಲು ಆಕೆಗೆ ಬಾರದು.

ಇದಕ್ಕೊಂದು ಮದ್ದು, ನನ್ನ ಅನಿಸಿಕೆಯಲ್ಲಿ, ಪ್ರಾಥಮಿಕ ಶಾಲಾ ಮಕ್ಕಳಿಗೆ ವರ್ಷಕ್ಕೊಮ್ಮೆ ಕನ್ನಡ ಬೆರಳಚ್ಚು ಮತ್ತು ಕಂಪ್ಯೂಟರ್ ಕೌಶಲ ಸ್ಪರ್ಧೆ. ವೇಗಕ್ಕಿಂತ ತಪ್ಪಿಲ್ಲದ ಅಕ್ಷರಕ್ಕೆ ಹೆಚ್ಚು ಅಂಕ ಕೊಡುವ ಸ್ಪರ್ಧೆ.

ನಮ್ಮ ಕಣ್ಣೆದುರಿನ ಉದಾಹರಣೆಗಳು

ನಮ್ಮ ಅಕ್ಷರಗಳನ್ನು ಯಂತ್ರಕ್ಕೆ ಕಲಿಸಿದವರು ದೂರದ ದೇಶದವರಲ್ಲ. ಇಂದು ಕನ್ನಡ ಬೆರಳಚ್ಚಿಗೆ ಬಳಸುವ ಕೀಲಿಮಣೆಯ ವಿನ್ಯಾಸ ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರದು. ಅದು ಅಡಿಕೆಯ ಸೀಮೆಯೇ. ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆಯನ್ನು ಅವರು ಕೂರಿಸಿದರು. 2000ದ ಸುಮಾರಿಗೆ ಕರ್ನಾಟಕ ಸರ್ಕಾರ ಸಣ್ಣಪುಟ್ಟ ಬದಲಾವಣೆಯೊಂದಿಗೆ ಅದನ್ನೇ ಪ್ರಮಾಣ ವಿನ್ಯಾಸವಾಗಿ ಒಪ್ಪಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶ ಇದೇ ವಿನ್ಯಾಸದಲ್ಲಿ ನಡೆಯುತ್ತದೆ. ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗಿಲ್ಲ.

ಇನ್ನು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ನಮ್ಮ ಹಾಗೆಯೇ ಕಾಫಿ ಬೆಳೆಗಾರರು. ತೋಟದಲ್ಲಿದ್ದುಕೊಂಡೇ ಕಂಪ್ಯೂಟರಿನಲ್ಲಿ ಕನ್ನಡ ನೆಲೆಗೊಳ್ಳಬೇಕೆಂದು 2007ರಲ್ಲಿ ತೀರಿಕೊಳ್ಳುವ ತನಕ ಒತ್ತಾಯಿಸುತ್ತಲೇ ಇದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ 'ಕುವೆಂಪು ಕನ್ನಡ ತಂತ್ರಾಂಶ'ದ ಹಿಂದೆ ಅವರ ಒತ್ತಾಸೆಯಿತ್ತು. ಕನ್ನಡ ಬಾರದ ಯಂತ್ರ ಹಳ್ಳಿಯವನಿಗೆ ಒದಗದು ಎಂಬುದನ್ನು ಅವರು ಬಹಳ ಬೇಗ ಕಂಡಿದ್ದರು.

ಬೈಲಕುಪ್ಪೆಯಲ್ಲೇ ಇರುವ ಉದಾಹರಣೆ ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. 1960-61ರಲ್ಲಿ ಮೈಸೂರು ಸರ್ಕಾರ ಕೊಟ್ಟ ನೆಲದಲ್ಲಿ ಟಿಬೆಟನ್ ಬಂಧುಗಳು ಕಾಡು ಕಡಿದು ಜೋಳ ಬಿತ್ತಿ ನೆಲೆಯಾದದ್ದು ನಮ್ಮ ಹಿರಿಯರು ಕಣ್ಣಾರೆ ಕಂಡ ಸಂಗತಿ. ಇಲ್ಲಿಯ ಸೆರಾ ಮೇ ವಿದ್ಯಾಪೀಠದಲ್ಲಿ ಓದಿದ ಗೇಶೆ ಲೋಬ್‌ಸಾಂಗ್ ಮೊನ್ಲಂ ಎಂಬ ಭಿಕ್ಷು, ಕಂಪ್ಯೂಟರನ್ನು ತಾವಾಗಿಯೇ ಕಲಿತು ಟಿಬೆಟನ್ ಲಿಪಿಗೆ ಅಕ್ಷರ ವಿನ್ಯಾಸವನ್ನೂ ಕೀಲಿಮಣೆಯನ್ನೂ ಮಾಡಿಕೊಟ್ಟರು. ಜಗತ್ತಿನ ಎಲ್ಲೆಡೆ ಟಿಬೆಟನ್ನರು ಅದನ್ನು ಬಳಸುತ್ತಾರೆ. ಅವರ ನೇತೃತ್ವದಲ್ಲಿ ಸಿದ್ಧವಾದ ಟಿಬೆಟನ್ ಮಹಾ ನಿಘಂಟು 2022ರಲ್ಲಿ 223 ಸಂಪುಟಗಳಾಗಿ ಹೊರಬಂತು. ನೆಲ ಕಳೆದುಕೊಂಡು ಬಂದ ಜನ ಅಕ್ಷರವನ್ನು ಕಳೆದುಕೊಳ್ಳಲಿಲ್ಲ. ನೆಲವೂ ಅಕ್ಷರವೂ ಎರಡೂ ಉಳಿದಿರುವ ನಾವು ಇದರಿಂದ ಕಲಿಯುವುದಿದೆ.

ಕಾಸರಗೋಡಿನ ಪಾಠ

ಕ್ಯಾಂಪ್ಕೋ 1973ರಲ್ಲಿ ಹುಟ್ಟಿದ್ದು ಕರ್ನಾಟಕ, ಕೇರಳ ಎರಡೂ ಕಡೆಯ ಅಡಿಕೆ ಬೆಳೆಗಾರರು ಒಟ್ಟುಗೂಡಿದ್ದರಿಂದ. ಆದುದರಿಂದ ಕಾಸರಗೋಡಿನ ಕನ್ನಡಿಗರು ನಮಗೆ ದೂರದವರಲ್ಲ. ಅಲ್ಲಿ ಶಾಲಾ ಮಕ್ಕಳ ಕಂಪ್ಯೂಟರ್ ಸ್ಪರ್ಧೆ ಹೊಸದೇನಲ್ಲ. ಕೇರಳದಲ್ಲಿ 2001-02ರ ಸುಮಾರಿಗೆ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಶುರುವಾಯಿತು. ಅದೇ ಬೆಳೆದು 'ಕೈಟ್' ಎಂಬ ಸಂಸ್ಥೆಯಾಗಿದೆ. ವಿಜ್ಞಾನ ಮೇಳ, ಗಣಿತ ಮೇಳಗಳ ಜೊತೆಗೆ ಐ.ಟಿ. ಮೇಳವೂ ನಡೆಯುತ್ತದೆ. ಹಿರಿಯ ಪ್ರಾಥಮಿಕ ಮಕ್ಕಳಿಗೆ ಅಲ್ಲಿ ಮಲೆಯಾಳ ಬೆರಳಚ್ಚು, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದು, ರಸಪ್ರಶ್ನೆ. ಪ್ರೌಢಶಾಲೆಯವರಿಗೆ ಪ್ರೋಗ್ರಾಮಿಂಗ್‌ನಂತಹ ಇನ್ನೂ ಹೆಚ್ಚಿನವು. ಉಪಜಿಲ್ಲೆಯಲ್ಲಿ ಗೆದ್ದವರು ಜಿಲ್ಲೆಗೆ ಹೋಗುತ್ತಾರೆ.

ಅದರಿಂದ ನಾವು ಹಿಡಿಯಬೇಕಾದ ಪಾಠ ಮೂರು. ಒಂದು, ಸ್ಪರ್ಧೆಯನ್ನು ತಮ್ಮ ಭಾಷೆಯಲ್ಲೇ ಇಟ್ಟರು. ಎರಡು, ಅಕ್ಷರದ ವೇಗ ಇಲ್ಲದ ಮಗುವಿಗೂ ಚಿತ್ರದ ದಾರಿ ತೆರೆದಿಟ್ಟರು. ಮೂರು, ಪುಕ್ಕಟೆ ಸಿಗುವ ತಂತ್ರಾಂಶವನ್ನೇ ನಂಬಿದರು. ನಮ್ಮಲ್ಲಿ ಪ್ರತಿಭಾ ಕಾರಂಜಿಗೆ ಮಕ್ಕಳಿಗೆ ಕಂಠಪಾಠ, ಕಥೆ ಹೇಳುವುದನ್ನು ಮೇಷ್ಟ್ರುಗಳು ಎಷ್ಟು ಶ್ರದ್ಧೆಯಿಂದ ಕಲಿಸುತ್ತಾರೆ! ಅದರ ಕಾಲು ಭಾಗದ ಶ್ರದ್ಧೆ ಇದಕ್ಕೆ ಸಿಕ್ಕರೆ ಸಾಕು.

ಯಾವಾಗ ನಡೆಸಬೇಕು?

ಗಿಡದ ಕೆಲಸಕ್ಕೆ ಹದ ನೋಡುವಂತೆ ಇದಕ್ಕೂ ಹದ ನೋಡಬೇಕು. ಜೂನಿನಿಂದ ಆಗಸ್ಟಿನವರೆಗೆ ಮಳೆ, ಕರೆಂಟು ಯಾವಾಗ ಬರುವುದೋ ಹೇಳುವಂತಿಲ್ಲ. ನವೆಂಬರ್ ಕಳೆದರೆ ಅರೇಬಿಕಾ ಕೊಯ್ಲು ಜೋರಾಗುತ್ತದೆ, ಅದರ ಹಿಂದೆಯೇ ರೊಬಸ್ಟಾ. ಆಗ ನಮಗೂ ಪುರುಸೊತ್ತಿಲ್ಲ, ಕೆಲಸಕ್ಕೆ ಬಂದ ಕುಟುಂಬಗಳು ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವುದರಿಂದ ಅವರ ಮಕ್ಕಳ ಹಾಜರಿಯೂ ತಪ್ಪುತ್ತದೆ. ದಸರಾ ರಜೆ ಮುಗಿದ ಮೇಲೆ, ಕನ್ನಡ ರಾಜ್ಯೋತ್ಸವಕ್ಕೂ ನವೆಂಬರ್ 14ರ ಮಕ್ಕಳ ದಿನಕ್ಕೂ ನಡುವಿನ ಒಂದು ಶನಿವಾರ ಎಲ್ಲಕ್ಕೂ ಅನುಕೂಲ. ತಾಲೀಮು ಅದಕ್ಕೆ ಎಂಟು ವಾರ ಮೊದಲೇ, ರಜೆಗೆ ಮುಂಚೆ ಆರಂಭವಾಗಬೇಕು.

ಎರಡು ಯಂತ್ರ, ನಲವತ್ತು ಮಕ್ಕಳು

ಕೆಲವು ಶಾಲೆಗಳಲ್ಲಿ ಕಂಪ್ಯೂಟರ್ ಇದ್ದರೂ ಅದಕ್ಕೆ ಬಟ್ಟೆ ಹೊದಿಸಿ ಕೊಠಡಿಗೆ ಬೀಗ ಹಾಕಿರುತ್ತಾರೆ. ಮಕ್ಕಳು ಕೆಡಿಸಿದರೆ ರಿಪೇರಿಗೆ ದುಡ್ಡು ಯಾರು ಕೊಡುವವರು ಎಂಬ ಹೆದರಿಕೆ. ಮುಖ್ಯೋಪಾಧ್ಯಾಯರನ್ನು ದೂರಿ ಫಲವಿಲ್ಲ. ರಿಪೇರಿಯ ಹೊಣೆ ನಮ್ಮದೆಂದು ಬೆಳೆಗಾರರೇ ಒಂದು ಮಾತು ಕೊಟ್ಟರೆ ಬೀಗ ತಾನಾಗಿ ತೆರೆದೀತು.

ಯಂತ್ರ ಕಡಿಮೆಯೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಹಿಂದೆ ತಾಲ್ಲೂಕು ಪೇಟೆಗಳ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಜೂನಿಯರ್, ಸೀನಿಯರ್ ಪಾಸು ಮಾಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಮನೆಗೆ ಬಂದ ಮೇಲೂ ಮೇಜಿನ ಮೇಲೆ ಬೆರಳು ಬಡಿಯುತ್ತಾ ಕೂತದ್ದು ಅವರಿಗೆ ನೆನಪಿರಬಹುದು. ಅದೇ ಉಪಾಯ ಇಲ್ಲಿಯೂ ನಡೆಯುತ್ತದೆ. ರಟ್ಟಿನ ಮೇಲೆ ನಿಜವಾದ ಅಳತೆಯಲ್ಲಿ ಕೀಲಿಮಣೆಯ ಚಿತ್ರ ಬರೆದು ಪ್ರತಿ ಮಗುವಿಗೂ ಒಂದೊಂದು ಕೊಡಬೇಕು. ರಟ್ಟಿನ ಮೇಲೆ ಬೆರಳಿನ ಜಾಗ ಕಲಿಯುವುದು, ಸರದಿ ಬಂದಾಗ ಹದಿನೈದು ನಿಮಿಷ ಯಂತ್ರದ ಮೇಲೆ ಕೂರುವುದು. ಯಾರ ಸರದಿ ಎಂದೆಂಬ ಪಟ್ಟಿಯನ್ನು ಗೋಡೆಗೆ ಅಂಟಿಸಬೇಕು. ಇಲ್ಲವಾದರೆ ಚುರುಕಾದ ನಾಲ್ಕು ಗಂಡುಮಕ್ಕಳೇ ಯಂತ್ರ ಹಿಡಿದು ಕೂರುತ್ತಾರೆ. ಹೆಣ್ಣುಮಕ್ಕಳು ಹಿಂದೆ ನಿಂತು ನೋಡುವುದೇ ಆಗುತ್ತದೆ.

ಬೆರಳು ಕೂರಿಸುವ ಕ್ರಮವನ್ನು ಮೊದಲ ವಾರವೇ ತಿದ್ದಬೇಕು. ಎಫ್ ಮತ್ತು ಜೆ ಕೀಲಿಗಳ ಮೇಲೆ ಕೈಗೆ ತಗಲುವ ಸಣ್ಣ ಗೆರೆ ಉಂಟು. ಎರಡು ತೋರುಬೆರಳೂ ಅಲ್ಲಿ ನಿಂತರೆ ಉಳಿದ ಬೆರಳು ತಮ್ಮ ಜಾಗಕ್ಕೆ ತಾವೇ ಬರುತ್ತವೆ. ನಮ್ಮ ವಿನ್ಯಾಸದಲ್ಲಿ ಒತ್ತಕ್ಷರ ಜೋಡಿಸುವ ಕೀಲಿಯೂ ಇದೇ ಎಫ್. ಕನ್ನಡದಲ್ಲಿ ಪದೇ ಪದೇ ಬೇಕಾಗುವ ಕೀಲಿ ಎಡಗೈ ತೋರುಬೆರಳಿನ ಅಡಿಯಲ್ಲೇ ಇರುವುದು ಎಂತಹ ಅನುಕೂಲ! ಟ ಮತ್ತು ಡ ಮಾತ್ರ ಮಕ್ಕಳನ್ನು ಕಾಡುತ್ತವೆ. ಅವು ಕ್ಯೂ, ಡಬ್ಲ್ಯೂ ಕೀಲಿಗಳಲ್ಲಿವೆ. 'ಅಡಿಕೆ' ಎಂದು ದಿನಕ್ಕೆ ಹತ್ತು ಸಲ ಹೊಡೆದರೆ ಡ ಎಂದೂ ಮರೆಯುವುದಿಲ್ಲ.

ಸ್ಪರ್ಧೆಯ ವಿಭಾಗಗಳು

ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಸ್ಪರ್ಧೆ ಬೇಡ. ಅವರು ಬಂದು ನೋಡಲಿ, ಸಿಹಿ ತಿಂದು ಹೋಗಲಿ.

ನಾಲ್ಕು ಮತ್ತು ಐದನೆಯ ತರಗತಿಗೆ ಚಿತ್ರ. ಟಕ್ಸ್ ಪೇಂಟ್ ಎಂಬ ಚಿತ್ರದ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಮಕ್ಕಳಿಗೆಂದೇ ಮಾಡಿದ್ದು. ಕಾಫಿ ಹೂ, ಒಣಹಾಕಿದ ಅಡಿಕೆ, ಗೋಲ್ಡನ್ ಟೆಂಪಲ್ಲಿನ ಗೋಪುರ, ಯಾವುದಾದರೂ ಒಂದನ್ನು ಬಿಡಿಸಲಿ. ಕೊನೆಗೆ ಬೇರೊಂದು ಪುಟದಲ್ಲಿ ತನ್ನ ಹೆಸರು, ತಂದೆ ತಾಯಿಯ ಹೆಸರು, ಊರಿನ ಹೆಸರನ್ನು ಕನ್ನಡದಲ್ಲಿ ಬೆರಳಚ್ಚು ಮಾಡಬೇಕು. ಚಿತ್ರಕ್ಕೆ ಅರ್ಧ ಅಂಕ, ಹೆಸರುಗಳಿಗೆ ಅರ್ಧ.

ಆರು ಮತ್ತು ಏಳನೆಯ ತರಗತಿಗೆ ಎರಡು ಭಾಗ. ಮೊದಲನೆಯದು ಐದು ನಿಮಿಷದ ಬೆರಳಚ್ಚು. ಎರಡನೆಯದು ಹದಿನೈದು ನಿಮಿಷದ ಕೌಶಲ: ಐದು ಜನರ ಹೆಸರು, ಅವರು ಕೊಯ್ದ ಹಣ್ಣಿನ ಕಿಲೋ ಇಷ್ಟನ್ನು ಕೋಷ್ಟಕ ಮಾಡಿ, ಯಂತ್ರದಿಂದಲೇ ಕೂಡಿಸಿ, ಕಡತಕ್ಕೆ ಹೆಸರು ಕೊಟ್ಟು, ಹೇಳಿದ ಜಾಗದಲ್ಲಿ ಉಳಿಸಬೇಕು. ಉಳಿಸಿದ ಕಡತವನ್ನು ಮತ್ತೆ ತೆರೆದು ತೋರಿಸಿದರೆ ಮಾತ್ರ ಪೂರ್ಣ ಅಂಕ. ಎಷ್ಟೋ ದೊಡ್ಡವರೇ ಬರೆದು ಮುಗಿಸಿ, ಎಲ್ಲಿಟ್ಟೆವೆಂದು ಹುಡುಕುತ್ತಿರುತ್ತಾರೆ.

ಬೆರಳಚ್ಚಿಗೆ ಕೊಡುವ ಗದ್ಯ ಮಕ್ಕಳ ಬದುಕಿನದೇ ಆಗಿರಲಿ. ಒಂದು ಮಾದರಿ:

"ನಮ್ಮ ಅಂಗಳದಲ್ಲಿ ಅಡಿಕೆ ಒಣಗಿದೆ. ಅಜ್ಜಿ ನೆರಳಿನಲ್ಲಿ ಕುಳಿತು ಕೋಳಿ ಓಡಿಸುತ್ತಾಳೆ. ಅಪ್ಪ ಬೆಳಿಗ್ಗೆ ಕಾಫಿ ಹಣ್ಣು ತೂಗಿದರು. ಲೆಕ್ಕವನ್ನು ಪುಸ್ತಕದಲ್ಲಿ ಬರೆದವಳು ನಾನೇ."

ಓದಲು ಸುಲಭ, ಆದರೆ ಒತ್ತುಗಳಿಗೆ ಕೊರತೆಯಿಲ್ಲ. ಯಂತ್ರ ಕಡಿಮೆಯಿರುವಲ್ಲಿ ಮಕ್ಕಳು ತಂಡ ತಂಡವಾಗಿ ಬರುವುದರಿಂದ, ಇಷ್ಟೇ ತೂಕದ ಬೇರೆ ಬೇರೆ ಗದ್ಯಗಳನ್ನು ಸಿದ್ಧಮಾಡಿಟ್ಟು ಚೀಟಿ ಎತ್ತಿ ಕೊಡಬೇಕು. ಮೊದಲ ತಂಡದವರು ಹೊರಗೆ ಬಂದು ಮುಂದಿನವರಿಗೆ ಹೇಳಿಕೊಡುವ ಮಾತು ಆಗ ಉಳಿಯುವುದಿಲ್ಲ.

ಅಂಕ ಕೊಡುವ ಕ್ರಮ

ಇಂಗ್ಲಿಷಿನಂತೆ ಪದ ಎಣಿಸುವುದು ಕನ್ನಡಕ್ಕೆ ಹೊಂದದು. ನಮ್ಮ ಒಂದು ಪದ ಎರಡಕ್ಷರವೂ ಆದೀತು, ಹನ್ನೆರಡೂ ಆದೀತು. ಅಕ್ಷರವನ್ನೇ ಎಣಿಸಬೇಕು. ಅದರಲ್ಲಿಯೂ ಒಂದು ಸೂಕ್ಷ್ಮವಿದೆ. 'ಅಡಿಕೆ' ಮೂರು ಅಕ್ಷರ, ಹೊಡೆಯಲು ಐದು ಕೀಲಿ. 'ಅಕ್ಕಿ' ಎರಡೇ ಅಕ್ಷರ, ಅದಕ್ಕೂ ಐದೇ ಕೀಲಿ. ಆದುದರಿಂದ ಒತ್ತಕ್ಷರವನ್ನು ಎರಡೆಂದು ಎಣಿಸಿದರೆ ನ್ಯಾಯ.

ಒಟ್ಟು ಹೊಡೆದ ಅಕ್ಷರಗಳಿಂದ ಪ್ರತಿ ತಪ್ಪಿಗೂ ಮೂರು ಕಳೆಯುವುದು. ಉದಾಹರಣೆಗೆ ಒಬ್ಬ ಹುಡುಗ 130 ಅಕ್ಷರ ಹೊಡೆದು 16 ತಪ್ಪು ಮಾಡಿದ ಎನ್ನೋಣ. 48 ಕಳೆದು ಉಳಿಯುವುದು 82. ಒಬ್ಬ ಹುಡುಗಿ 96 ಹೊಡೆದು 3 ತಪ್ಪು ಮಾಡಿದಳು. 9 ಕಳೆದು 87. ಗೆದ್ದವಳು ಹುಡುಗಿ. ಅವಸರದವನಿಗೆ ಇದು ಕಹಿಯಾದೀತು, ಆದರೆ ಸ್ಪರ್ಧೆಯ ಉದ್ದೇಶವೇ ಇದು. ಪಹಣಿಯಲ್ಲಿ ನಮಗೆ ಬೇಕಾದದ್ದು ಬೇಗ ಬರೆದ ಹೆಸರಲ್ಲ, ಸರಿಯಾದ ಹೆಸರು. ಈ ಲೆಕ್ಕವನ್ನು ತಾಲೀಮಿನ ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಬೇಕು.

ಹಾಳೆಯ ಮೇಲೆ ಹೆಸರಿನ ಬದಲು ಚೀಟಿಯ ಸಂಖ್ಯೆ ಇರಲಿ. ಬೇರೆ ಶಾಲೆಯ ಇಬ್ಬರು ಉಪಾಧ್ಯಾಯರು ಬೇರೆ ಬೇರೆಯಾಗಿ ತಿದ್ದಲಿ. ತಿದ್ದಿದ ಹಾಳೆಯನ್ನು ಮಗುವಿನ ಕೈಗೆ ಕೊಡಲೇಬೇಕು. ತಪ್ಪು ಎಲ್ಲಿ ಆಯಿತೆಂದು ಕಾಣದ ಮಗು ಸೋತದ್ದನ್ನು ಮಾತ್ರ ನೆನಪಿಡುತ್ತದೆ.

ಹಿಂದುಳಿಯುವ ಮಗು ಯಾವುದು?

ಮನೆಯಲ್ಲೇ ಕಂಪ್ಯೂಟರ್ ಇರುವ ಮಗುವಿಗೂ, ಲೈನ್ ಮನೆಯಿಂದ ಬರುವ ಮಗುವಿಗೂ ಒಂದೇ ಅಳತೆ ಹಿಡಿದರೆ ಬಹುಮಾನ ಎಲ್ಲಿಗೆ ಹೋಗುವುದೆಂದು ಮೊದಲೇ ಹೇಳಬಹುದು. ಉಳ್ಳವರ ಮಕ್ಕಳಿಗೆ ಇನ್ನೊಂದು ಕಪ್ಪು ಕೊಡುವುದಕ್ಕೆ ನಾವು ಇಷ್ಟು ಕಷ್ಟಪಡಬೇಕಾಗಿಲ್ಲ. ಅದಕ್ಕಾಗಿ 'ಏಳಿಗೆಯ ಬಹುಮಾನ' ಎಂದು ಒಂದನ್ನು ಇಡಬೇಕು. ತಾಲೀಮಿನ ಎರಡನೆಯ ವಾರ ಪ್ರತಿ ಮಗುವಿಗೂ ಒಂದು ಚಿಕ್ಕ ಪರೀಕ್ಷೆ ಮಾಡಿ ಅಂಕ ಬರೆದಿಡುವುದು. ಸ್ಪರ್ಧೆಯ ದಿನ ಅದಕ್ಕಿಂತ ಯಾರು ಹೆಚ್ಚು ಮೇಲೆ ಬಂದರೋ ಅವರಿಗೆ ಮೊದಲ ಬಹುಮಾನಕ್ಕೆ ಸಮನಾದದ್ದನ್ನೇ ಕೊಡುವುದು.

ಹೊರರಾಜ್ಯಗಳಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳು ನಮ್ಮ ಶಾಲೆಗಳಲ್ಲಿ ಕನ್ನಡವನ್ನು ಹೊಸದಾಗಿ ಕಲಿಯುತ್ತಿದ್ದಾರೆ. ಅವರನ್ನು ಬಿಡಬೇಡಿ. ಕೀಲಿ ಹೊಡೆದ ಕೂಡಲೇ ಅಕ್ಷರ ಕಣ್ಣಿಗೆ ಕಾಣುವುದರಿಂದ ಅವರಿಗೆ ಇದೂ ಒಂದು ಕನ್ನಡ ಪಾಠವೇ. ಟಿಬೆಟನ್ ಶಾಲೆಗಳ ಮಕ್ಕಳನ್ನೂ ಕರೆಯಬೇಕು. ಅವರ ಉಪಾಧ್ಯಾಯರು ಒಪ್ಪಿದರೆ ಟಿಬೆಟನ್ ಬೆರಳಚ್ಚಿಗೆ ಬೇರೆ ವಿಭಾಗ ಮಾಡಿ, ತೀರ್ಪನ್ನು ಅವರಿಗೇ ಬಿಡೋಣ. ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುವ ಜನರ ಮಕ್ಕಳು ಒಂದು ದಿನ ಒಂದೇ ಬೆಂಚಿನಲ್ಲಿ ಕೂತರೆ ಒಳ್ಳೆಯದೇ. ದೃಷ್ಟಿ ಮಂದವಿರುವ ಮಗುವಿಗೆ ಗದ್ಯವನ್ನು ದಪ್ಪಕ್ಷರದಲ್ಲಿ ಮುದ್ರಿಸಿ ಕೊಡುವುದನ್ನೂ ಮರೆಯಬಾರದು.

ಹಿಂದಿನ ದಿನದ ಕೆಲಸ

ಎಲ್ಲ ಯಂತ್ರಗಳಲ್ಲೂ ಒಂದೇ ತಂತ್ರಾಂಶ, ಒಂದೇ ವಿನ್ಯಾಸ, ಯೂನಿಕೋಡ್ ಕ್ರಮವೇ ಇದೆಯೆಂದು ಹಿಂದಿನ ಸಂಜೆ ಕೂತು ನೋಡಬೇಕು. ಒಂದರಲ್ಲಿ ನುಡಿ, ಇನ್ನೊಂದರಲ್ಲಿ ಬೇರೇನೋ ಇದ್ದರೆ ಕಲಿತ ಬೆರಳು ತಪ್ಪುತ್ತದೆ, ಮಗು ಅಳುತ್ತದೆ. ಎರಡು ಕೀಲಿಮಣೆ, ಎರಡು ಮೌಸು ಹೆಚ್ಚಿಗೆ ಇಟ್ಟಿರಬೇಕು. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದು ಪರೀಕ್ಷಿಸಬೇಕು. ಕೊಯ್ಲಿಗೆ ಮುಂಚಿನ ದಿನವಾದ್ದರಿಂದ ಪಲ್ಪರ್ ಮನೆಯ ಜನರೇಟರು ಸುಮ್ಮನೆ ನಿಂತಿರುತ್ತದೆ. ಅದನ್ನು ಶಾಲೆಗೆ ತರುವುದಾದರೆ ವೋಲ್ಟೇಜು ನಿಯಂತ್ರಕವಿಲ್ಲದೆ ನೇರವಾಗಿ ಜೋಡಿಸಬೇಡಿ. ನಡುವೆ ಕರೆಂಟು ಹೋದರೆ ಆ ತಂಡಕ್ಕೆ ಪೂರ್ತಿ ಸಮಯ ಕೊಟ್ಟು ಹೊಸ ಗದ್ಯದಿಂದ ಮತ್ತೆ ನಡೆಸುವುದೆಂದು ಮೊದಲೇ ನಿಯಮ ಮಾಡಿಡಿ. ಮಧ್ಯಾಹ್ನ ಉಪ್ಪಿಟ್ಟು, ಬಾಳೆಹಣ್ಣು ಇದ್ದರೆ ಸಾಕು.

ಬಹುಮಾನವಾಗಿ ಶೋಕೇಸಿನಲ್ಲಿ ಧೂಳು ಹಿಡಿಯುವ ಕಪ್ಪು ಬೇಡ. ಗೆದ್ದ ಮಗುವಿಗೆ ಒಂದು ಕನ್ನಡ ನಿಘಂಟು, ಆ ಮಗುವಿನ ಶಾಲೆಗೆ ಹೊಸ ಕೀಲಿಮಣೆ ಕೊಟ್ಟರೆ ಮುಂದಿನ ವರ್ಷದ ಮಕ್ಕಳಿಗೂ ಉಪಯೋಗವಾಗುತ್ತದೆ.

ನಮ್ಮ ಪಾಲಿನ ಕೆಲಸ

ಸದಸ್ಯರು ಮೂರು ರೀತಿಯಲ್ಲಿ ನೆರವಾಗಬಹುದು. ಮನೆಯಲ್ಲಿ ಮೂಲೆಗೆ ಬಿದ್ದ ಕಂಪ್ಯೂಟರ್ ಇದ್ದರೆ ಅದರೊಳಗಿನ ಸ್ವಂತ ಕಾಗದಪತ್ರಗಳನ್ನು ಅಳಿಸಿ, ಕೆಲಸ ಮಾಡುವ ಸ್ಥಿತಿಗೆ ತಂದು ಶಾಲೆಗೆ ಕೊಡಬಹುದು. ಬೆಂಗಳೂರು, ಮೈಸೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಅರ್ಧ ದಿನ ಶಾಲೆಯ ಯಂತ್ರಗಳನ್ನು ನೋಡಿಕೊಡಲು ಹೇಳಬಹುದು. ಹಳೆಯ ಟೈಪಿಸ್ಟರು, ನಿವೃತ್ತ ಮೇಷ್ಟ್ರುಗಳು ವಾರಕ್ಕೊಂದು ಗಂಟೆ ಬೆರಳು ತಿದ್ದಲು ಹೋಗಬಹುದು. ಮೊದಲ ವರ್ಷ ಮೂರು ಶಾಲೆ ಬಂದರೂ ಸಾಕು. ನರ್ಸರಿ ಯಾವಾಗಲೂ ಚಿಕ್ಕದಾಗಿಯೇ ಶುರುವಾಗುವುದು.

ಕೊನೆಯದಾಗಿ ಒಂದು ಮನೆಗೆಲಸವನ್ನು ತಾಲೀಮಿಗೆ ಸೇರಿಸೋಣ. ಪ್ರತಿ ಮಗುವೂ ಮನೆಯ ಪಹಣಿ, ಪಾಸ್ ಪುಸ್ತಕ, ಆಧಾರ್ ಚೀಟಿಗಳಲ್ಲಿರುವ ಮನೆಯವರ ಹೆಸರನ್ನು ಇದ್ದದ್ದು ಇದ್ದ ಹಾಗೆ ಒಂದರ ಕೆಳಗೊಂದು ಬರೆದುಕೊಂಡು ಬರಲಿ. ಹೆಸರು ಮಾತ್ರ, ಸಂಖ್ಯೆಗಳು ಮನೆಯಲ್ಲೇ ಇರಲಿ. ಶಾಲೆಯಲ್ಲಿ ಅದನ್ನು ಬೆರಳಚ್ಚು ಮಾಡಿ, ಅಕ್ಷರ ಹೊಂದದಿರುವಲ್ಲಿ ಗೆರೆ ಎಳೆದು ಅಪ್ಪನಿಗೆ ತೋರಿಸಲಿ. ತಿದ್ದುಪಡಿಗೆ ಅರ್ಜಿ ಕೊಡಲು ಬಿಡುವಿನ ಕಾಲದಲ್ಲೇ ಹೋಗಬಹುದು, ಕೊಯ್ಲಿನ ನಡುವೆ ಓಡುವ ಪಾಡು ತಪ್ಪುತ್ತದೆ. ನಮ್ಮ ಮನೆಯಲ್ಲಿ ಆರು ದಿನ ನುಂಗಿದ ಆ ಒಂದು ಒತ್ತನ್ನು ಹುಡುಕಲು ಏಳನೆಯ ತರಗತಿಯ ಹುಡುಗಿಗೆ ಐದು ನಿಮಿಷ ಸಾಕಾಗುತ್ತಿತ್ತು.

ತಮ್ಮ ಊರಿನ ಶಾಲೆಯ ಮುಖ್ಯೋಪಾಧ್ಯಾಯರೊಂದಿಗೆ ಈ ವಾರವೇ ಮಾತನಾಡಿ. ಒಪ್ಪಿದ ಶಾಲೆಗಳ ಹೆಸರು, ಅಲ್ಲಿ ನಡೆಯುವ ಸ್ಥಿತಿಯಲ್ಲಿರುವ ಯಂತ್ರಗಳ ಸಂಖ್ಯೆ, ಆರು ಮತ್ತು ಏಳನೆಯ ತರಗತಿಯ ಮಕ್ಕಳ ಸಂಖ್ಯೆ ಇಷ್ಟನ್ನು ಸಂಘದ ಕಚೇರಿಗೆ ಬರೆದು ತಿಳಿಸಬೇಕೆಂದು ವಿನಂತಿ.